ಸಂಘದ ಫೇಸ್‌ಬುಕ್ ಪುಟದ ಬರಹಗಳನ್ನು ಎಪಿಐ ಮೂಲಕ ಹಿಂಪಡೆಯುವ ಬಗೆ

ಪುಣೆಯಿಂದ ದಿವೆ ಘಾಟ್ ಏರಿದ ಮೇಲೆ ದೊರೆಯುವ ಸಾಸವಡ, ಕರ್ಹಾ ನದಿಯ ದಡದ ಊರು. ಸಂತ ಸೋಪಾನದೇವರ ಸಮಾಧಿ ಇಲ್ಲಿದೆ. ಆಳಂದಿಯಿಂದ ಪಂಢರಪುರಕ್ಕೆ ಹೊರಡುವ ಜ್ಞಾನೇಶ್ವರ ಪಾಲಖಿಯು ಇಲ್ಲಿ ತಂಗಿ, ಬಳಿಕ ಜೇಜೂರಿಯತ್ತ ಸಾಗುತ್ತದೆ. ಜೇಜೂರಿಯ ಖಂಡೋಬನಲ್ಲಿ ಮೈಲಾರಲಿಂಗನನ್ನೇ ಕಾಣುವ ಕನ್ನಡ ಕುಟುಂಬಗಳಿಗೆ ಈ ದಾರಿ ಅಪರಿಚಿತವಲ್ಲ. ಇಂತಹ ಯಾತ್ರೆಗಳ ಚಿತ್ರ, ವೃತ್ತಾಂತಗಳು ಹಿಂದೆ ಸಂಘಗಳ ಸ್ಮರಣ ಸಂಚಿಕೆಗೆ ಬರುತ್ತಿದ್ದವು. ಈಗ ಬಹುಪಾಲು ಫೇಸ್‌ಬುಕ್ ಪುಟಕ್ಕೆ ಹೋಗುತ್ತವೆ. ಸ್ಮರಣ ಸಂಚಿಕೆ ಕಪಾಟಿನಲ್ಲಿ ಉಳಿಯುತ್ತದೆ. ಪುಟದ ಬರಹವಾದರೋ ಕಂಪನಿಯ ಇಚ್ಛೆಯಿರುವವರೆಗೆ ಮಾತ್ರ. ಒಂದು ಕಾಲಕ್ಕೆ ನಮ್ಮ ಯುವಕರು ಹರಟುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋದುದನ್ನು ಓದುಗರು ಮರೆತಿರಲಾರರು.

ಆದ್ದರಿಂದ ಸಂಘದ ಬರಹಗಳ ಪ್ರತಿಯೊಂದನ್ನು ತಮ್ಮ ಬಳಿ ಇಟ್ಟುಕೊಳ್ಳುವುದು ಲೇಸು. ಇದಕ್ಕಿರುವ ಸಾಧನ ಎಪಿಐ, ಅಂದರೆ ಒಂದು ತಂತ್ರಾಂಶವು ಇನ್ನೊಂದರಿಂದ ಮಾಹಿತಿ ಕೇಳುವ ಗೊತ್ತುಪಡಿಸಿದ ಕ್ರಮ. ಗ್ರಂಥಾಲಯದಲ್ಲಿ ಚೀಟಿ ಬರೆದುಕೊಟ್ಟರೆ ಒಳಗಿನಿಂದ ಪುಸ್ತಕ ಬರುವಂತೆ ಎನ್ನಬಹುದು. ಫೇಸ್‌ಬುಕ್‌ನದು ಗ್ರಾಫ್ ಎಪಿಐ. ಪುಟದ ನಿರ್ವಾಹಕರು ಡೆವಲಪರ್ ಖಾತೆ ತೆರೆದು, ಒಂದು ಆ್ಯಪ್ ನೋಂದಾಯಿಸಿ, ಪುಟವನ್ನು ಓದುವ ಅನುಮತಿಯುಳ್ಳ ಟೋಕನ್ ಪಡೆಯಬೇಕು. ಮೊದಲು ದೊರೆಯುವ ಟೋಕನ್ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಅದನ್ನು ಸುಮಾರು 60 ದಿನಗಳದ್ದಾಗಿ ಬದಲಿಸಿಕೊಳ್ಳಬಹುದು. ಟೋಕನ್ ಮನೆಯ ಬೀಗದ ಕೈ ಇದ್ದಂತೆ, ವಾಟ್ಸ್ಆ್ಯಪ್‌ನಲ್ಲಿ ಹಂಚತಕ್ಕದ್ದಲ್ಲ. ಬೇರೆಯವರ ಪುಟವನ್ನು ಓದಬೇಕಾದರೆ ಕಂಪನಿಯ ಪರಿಶೀಲನೆ ಬೇಕು. 2018ರ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣದ ನಂತರ ಈ ಬಿಗಿ ಹೆಚ್ಚಿತು, ಅದು ಸರಿಯೇ.

ಕೇಳುವಾಗ ಬರಹದ ಪಠ್ಯ, ಪ್ರಕಟವಾದ ಸಮಯ, ಶಾಶ್ವತ ಕೊಂಡಿ, ಚಿತ್ರ ಇವಿಷ್ಟನ್ನು ಹೆಸರಿಸಿದರೆ ಸಾಕು. ಒಂದು ಸಲಕ್ಕೆ 100 ಬರಹಗಳಿಗಿಂತ ಹೆಚ್ಚು ಬರುವುದಿಲ್ಲ. ಉತ್ತರದ ಕೊನೆಯಲ್ಲಿರುವ ಮುಂದಿನ ಕೊಂಡಿಯನ್ನು ಹಿಡಿದು ಸಾಗಬೇಕು. ವರ್ಷವೊಂದಕ್ಕೆ ಸುಮಾರು 600 ಬರಹಗಳ ಮಿತಿಯೂ ಇದೆ. ನಮ್ಮ ಸಂಘಗಳಿಗೆ ಅಷ್ಟು ಧಾರಾಳವಾಗಿ ಸಾಕು.

ತೊಡಕುಗಳು ಬೇರೆ ಕಡೆ ಇವೆ. ಎಪಿಐ ಕೊಡುವ ಸಮಯ ಭಾರತದ್ದಲ್ಲ, ಐದೂವರೆ ಗಂಟೆ ಹಿಂದಿನದು. ಪಾಲಖಿಯೊಡನೆ ಬೆಳಗಿನ ಜಾವ ನಾಲ್ಕಕ್ಕೆ ಸಾಸವಡದಿಂದ ಹಾಕಿದ ಚಿತ್ರವು ಹಿಂದಿನ ದಿನದ ರಾತ್ರಿ ಹತ್ತೂವರೆಯದಾಗಿ ದಾಖಲಾಗುತ್ತದೆ. ತಿದ್ದದೆ ಇಟ್ಟರೆ ಮುಂದೆ ಸಂಘದ ಇತಿಹಾಸ ಬರೆಯುವವರು ತಪ್ಪು ತಿಥಿಯನ್ನೇ ನಂಬುವರು. ಚಿತ್ರದ ಕೊಂಡಿಗಳು ಕೆಲಕಾಲದ ನಂತರ ನಿಷ್ಕ್ರಿಯವಾಗುತ್ತವೆ. ಕೊಂಡಿಯನ್ನಲ್ಲ, ಚಿತ್ರವನ್ನೇ ಇಳಿಸಿಕೊಳ್ಳಬೇಕು.

ಇನ್ನು ಕನ್ನಡ ಲಿಪಿ. ಎಪಿಐ ಉತ್ತರದಲ್ಲಿ ಅಕ್ಷರಗಳ ಬದಲು ಯೂನಿಕೋಡ್ ಸಂಖ್ಯೆಗಳು ಕಂಡರೆ ಗಾಬರಿ ಬೇಡ. ಜೇಸನ್ ಓದಬಲ್ಲ ಯಾವ ತಂತ್ರಾಂಶವೂ ಅವನ್ನು ಕನ್ನಡಕ್ಕೆ ತಿರುಗಿಸುತ್ತದೆ. ಆದರೆ ಎಪಿಐ ಬಿಟ್ಟು ಖಾತೆಯ ಮಾಹಿತಿಯನ್ನು ಜೇಸನ್ ಕಡತವಾಗಿ ಇಳಿಸಿಕೊಂಡವರಿಗೆ ನಿಜವಾದ ಕಲಸುಮೇಲೋಗರವೇ ಎದುರಾಗಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್. ಅವು ಬಿಡಿಬಿಡಿಯಾಗಿ ಬರುವುದರಿಂದ ಐದು ಸಂಕೇತಗಳ ‘ಸಾಸವಡ’ ಹದಿನೈದು ವಿಚಿತ್ರ ಚಿಹ್ನೆಗಳಾಗುತ್ತದೆ. ಲ್ಯಾಟಿನ್-1 ಎಂದು ಬೈಟ್‌ಗಳಿಗೆ ಮರಳಿಸಿ ಯುಟಿಎಫ್-8 ಎಂದು ಓದಿಸಿದರೆ ಅಕ್ಷರ ಮರಳಿ ಸಿಗುತ್ತದೆ. ಕಡತ ಕೆಟ್ಟಿತೆಂದು ಅಳಿಸಬಾರದು.

ಹುಡುಕುವಾಗಲೂ ಎಚ್ಚರ ಅಗತ್ಯ. ಪದವೊಂದನ್ನು ಕೊಟ್ಟು ಎಲ್ಲರ ಸಾರ್ವಜನಿಕ ಬರಹಗಳನ್ನು ಹುಡುಕುವ ಸೌಲಭ್ಯವನ್ನು ಗ್ರಾಫ್ ಎಪಿಐ 2015ರಲ್ಲೇ ಕೈಬಿಟ್ಟಿದೆ. ಇಳಿಸಿಕೊಂಡುದರಲ್ಲೇ ಹುಡುಕಬೇಕು. ನಮ್ಮವರು ಸಾಸವಡ, ಸಾಸವಾಡ, ಸಾಸ್ವಡ ಎಂದು ಮನಬಂದಂತೆ ಬರೆಯುತ್ತಾರೆ. ಮಹಾರಾಷ್ಟ್ರದಲ್ಲೇ ಬೆಳೆದ ಮಕ್ಕಳು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಬರೆಯುವರು. ಎಲ್ಲ ರೂಪಗಳನ್ನೂ ಕೊಟ್ಟು ಹುಡುಕದಿದ್ದರೆ ಅರ್ಧದಷ್ಟು ಕೈತಪ್ಪಬಹುದು.

ಸದಸ್ಯರ ಟಿಪ್ಪಣಿಗಳನ್ನು ಓದಲು ಪ್ರತ್ಯೇಕ ಅನುಮತಿ ಬೇಕು. ಅನುಮತಿ ದೊರೆತರೂ, ಬರೆದವರನ್ನು ಕೇಳದೆ ಅವರ ಹೆಸರುಗಳನ್ನು ಪುನಃ ಪ್ರಕಟಿಸುವುದು ಸೌಜನ್ಯವಲ್ಲ.

ಪುಟದ ಬದಲು ಫೇಸ್‌ಬುಕ್ ಗುಂಪು ನಡೆಸುವ ಸಂಘಗಳಿಗೆ ಮಾತ್ರ ಈ ಮಾರ್ಗವಿಲ್ಲ. ಗುಂಪುಗಳ ಎಪಿಐಯನ್ನು 2024ರ ಏಪ್ರಿಲ್‌ನಲ್ಲಿ ನಿಲ್ಲಿಸಲಾಯಿತು. ಅಲ್ಲಿ ಪ್ರತಿಯೊಬ್ಬ ಸದಸ್ಯರೂ ತಮ್ಮ ಖಾತೆಯ ಮಾಹಿತಿಯನ್ನು ಇಳಿಸಿಕೊಂಡು, ಅದರಲ್ಲಿರುವ ತಮ್ಮ ಬರಹಗಳನ್ನು ಸಂಘಕ್ಕೆ ಒಪ್ಪಿಸಬೇಕಾಗುತ್ತದೆ.