ಒಳಗಿನ ದೂರುಗಾರನನ್ನು ಗುರುತಿಸಿದ ಸಂತ

ಮೈಸೂರಿನ ಹೆಬ್ಬಾಳಕ್ಕೆ ಶ್ರೀರಂಗಪಟ್ಟಣ ಬಹಳ ದೂರವೇನಲ್ಲ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1648-49ರ ಸುಮಾರಿಗೆ, ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿಯವರು ಅಲ್ಲಿಗೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರು ಕನ್ನಡ ಕಲಿತು ಧರ್ಮೋಪದೇಶವನ್ನೂ ವ್ಯಾಕರಣವನ್ನೂ ಬರೆದ ಸಂಗತಿ ಹಲವರಿಗೆ ಗೊತ್ತು. ಅವರೊಡನೆ ಬಂದ ಇನ್ನೊಂದು ಸಂಪತ್ತಿನ ಬಗ್ಗೆ ನಾವು ಮಾತನಾಡುವುದು ಕಡಿಮೆ. ಅದು ಯೇಸುಸಭೆಯವರು ದಿನಕ್ಕೆರಡು ಬಾರಿ ಮಾಡುವ ಆತ್ಮಸಾಕ್ಷಿಯ ಶೋಧನೆ. ಮನಸ್ಸನ್ನು ಮಂಗಕ್ಕೆ ಹೋಲಿಸಿ, ತಮ್ಮನ್ನೇ ವಿಚಾರಣೆಗೆ ಒಡ್ಡಿಕೊಂಡ ಬಸವಣ್ಣನವರ ನಾಡಿಗೆ ಅಂತರಂಗದ ಪರೀಕ್ಷೆ ಹೊಸದಾಗಿರಲಿಲ್ಲ, ನಿಜ. ಆದರೆ ಈ ಪದ್ಧತಿಯ ಹಿಂದೆ ಒಬ್ಬ ಮನುಷ್ಯನ ಪ್ರಾಣಸಂಕಟದ ಕಥೆಯಿದೆ.

ಲೊಯೋಲದ ಇಗ್ನಾಸಿಯವರು 1521ರಲ್ಲಿ ಪಾಂಪ್ಲೋನದ ಕದನದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಹಾಸಿಗೆ ಹಿಡಿದರು. ವೀರಸಾಹಸದ ಕನಸುಗಳು ಕರಗಿದ ಮೇಲೆ ಮನಸ್ಸು ಬರಿದಾಗುವುದನ್ನೂ, ಸಂತರ ನೆನಪು ಮುಗಿದ ಮೇಲೂ ಸಂತೋಷ ಉಳಿಯುವುದನ್ನೂ ಅಲ್ಲಿ ಗಮನಿಸಿದರು. ತಮ್ಮ ಆಲೋಚನೆಗಳನ್ನು ತಾವೇ ನಿಂತು ನೋಡುವ ಅಭ್ಯಾಸ ಹುಟ್ಟಿದ್ದು ಹೀಗೆ.

ಮರುವರ್ಷ ಮನ್ರೇಸದಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಮೊಂತ್ಸೆರಾತ್‌ನಲ್ಲಿ ಮೂರು ದಿನ ಪಾಪನಿವೇದನೆ ಮಾಡಿದ್ದರೂ 'ಏನೋ ಬಿಟ್ಟುಹೋಗಿದೆ' ಎಂಬ ದನಿ ಒಳಗಿನಿಂದ ಕಾಡುತ್ತಲೇ ಇತ್ತು. ತೀರಾ ಸ್ಪಷ್ಟವಾದುದನ್ನು ಬಿಟ್ಟು ಹಳೆಯ ಪಾಪಗಳನ್ನು ಮತ್ತೆ ಹೇಳಬೇಡಿ ಎಂದರು ಗುರುಗಳು. ಪಾಪ, ಇವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಕೋಣೆಯಲ್ಲಿದ್ದ ಕುಳಿಗೆ ಬಿದ್ದು ಪ್ರಾಣ ಕಳೆದುಕೊಳ್ಳುವ ಪ್ರೇರಣೆಯೂ ಬಂದಿತು. ಒಂದು ವಾರ ಅನ್ನನೀರು ಬಿಟ್ಟರು. ಗುರುಗಳ ಆಜ್ಞೆಯಂತೆ ಮತ್ತೆ ಉಂಡರು. ಎರಡು ದಿನ ನೆಮ್ಮದಿ, ಮೂರನೆಯ ದಿನ ಮತ್ತೆ ಅದೇ ದನಿ. ಆಗ ಅವರು ಪಾಪಗಳನ್ನು ಎಣಿಸುವುದನ್ನು ಬಿಟ್ಟು, ಎಣಿಸುವಂತೆ ಪೀಡಿಸುವ ದನಿ ಎಲ್ಲಿಂದ ಬಂತೆಂದು ನೋಡಿದರು. ಅದು ದೇವರದಲ್ಲವೆಂದು ತಿಳಿದು, ಕಳೆದುದನ್ನು ಮತ್ತೆ ನಿವೇದಿಸುವುದಿಲ್ಲವೆಂದು ನಿಶ್ಚಯಿಸಿದರು. ಬಿಡುಗಡೆ ದೊರೆಯಿತು.

1548ರಲ್ಲಿ ಜಗದ್ಗುರು ಮೂರನೇ ಪೌಲರ ಅಂಗೀಕಾರ ಪಡೆದ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥದಲ್ಲಿ ಈ ಅನುಭವ ಬೋಧನೆಯಾಗಿದೆ. ನೆಲದ ಮೇಲೆ ಶಿಲುಬೆಯಂತೆ ಬಿದ್ದ ಎರಡು ಹುಲ್ಲುಕಡ್ಡಿಗಳನ್ನು ತುಳಿದು 'ಪಾಪ ಮಾಡಿದೆ' ಎಂದು ಅಂಜುವವನ ಉದಾಹರಣೆಯೂ ಅಲ್ಲಿದೆ. ಅದನ್ನು ಇಗ್ನಾಸಿಯವರು ತಪ್ಪು ತೀರ್ಪೆಂದೇ ಕರೆಯುತ್ತಾರೆ.

ನಮ್ಮ ಧರ್ಮಕೇಂದ್ರಗಳಲ್ಲಿ ಈ ಶೋಧನೆ ಬಹುಕಾಲ ಪಾಪಗಳ ಪಟ್ಟಿಯಾಗಿಯೇ ಉಳಿದದ್ದು ವಿಷಾದಕರ. ಮೂಲಕ್ರಮದಲ್ಲಿ ಐದು ಹೆಜ್ಜೆಗಳಿವೆ. ಮೊದಲನೆಯದು ಕೃತಜ್ಞತೆ, ಎರಡನೆಯದು ಬೆಳಕಿಗಾಗಿ ಬೇಡಿಕೆ. ದಿನದ ಆಲೋಚನೆ, ಮಾತು, ಕೃತ್ಯಗಳ ಪರಿಶೀಲನೆ ಬರುವುದು ಆನಂತರ. ಅದಾದ ಮೇಲೆ ಕ್ಷಮಾಯಾಚನೆ, ನಾಳೆಯ ಸಂಕಲ್ಪ. ಹೆಬ್ಬಾಳದ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಬಂದವರು 'ಇವತ್ತೂ ಸೋತೆ' ಎಂಬ ದನಿಯೊಡನೆ ಮಲಗುವ ಬದಲು, ಅಂದು ದೊರೆತ ಒಂದು ಒಳಿತನ್ನು ಮೊದಲು ಹೆಸರಿಸಿ ನೋಡಬಹುದು. ಹಾಸಿಗೆಯ ಅಂಚಿನಲ್ಲಿ ಕುಳಿತು ಕಾಲು ಗಂಟೆ ಸಾಕು.