ಹಳೆಯ ಹಾಡಿಗೆ ಮೂರು ಸಾಕ್ಷಿಗಳು

ಹಾಡೊಂದು ಹಳೆಯದೆಂದು ಹೇಳುವಾಗ ಅದರಲ್ಲಿ ಹಳೆಯದಾದುದು ಯಾವುದು? ಸಾಹಿತ್ಯವೆ, ಧಾಟಿಯೆ, ಇಲ್ಲವೆ ಹಾಡುವ ರೀತಿಯೆ? ಓಲೆಯ ಮೇಲಿನ ಮಾತು ಪ್ರತಿಯಿಂದ ಪ್ರತಿಗೆ ಸಾಗಿ ಸಾವಿರ ವರ್ಷ ಬಾಳಬಹುದು. ದನಿಯಾದರೋ ಹುಟ್ಟಿದ ಗಳಿಗೆಯಲ್ಲಿಯೇ ಅಡಗುವಂಥದು. ಹಾಗೆ ಅಡಗಿದ ದನಿಯನ್ನು ದೊರೆತ ಆಧಾರಗಳಿಂದ ಊಹಿಸಿ, ಅದು ಹುಟ್ಟಿದ ಕಾಲವನ್ನೂ ಜನಜೀವನವನ್ನೂ ಅರಿತು ಹಾಡುವುದು ಇಂದು ಒಂದು ವಿಶ್ವವಿದ್ಯಾಲಯದ ವಿದ್ಯೆಯಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಪ್ರಾಚೀನ ಸಂಗೀತಕ್ಕೆಂದೇ ಒಂದು ವಿದ್ಯಾಲಯ 1933ರಲ್ಲಿ ಆರಂಭವಾಯಿತು. ನಮ್ಮ ಕಡೆ ಚಿದಂಬರದಲ್ಲಿ 1929ರಲ್ಲಿ ಸ್ಥಾಪಿತವಾದ ಅಣ್ಣಾಮಲೈ ವಿಶ್ವವಿದ್ಯಾಲಯವು ಸಂಗೀತಕ್ಕೆ ಎಡೆಗೊಟ್ಟಿತು. ಮೈಸೂರು ವಿಶ್ವವಿದ್ಯಾಲಯವು 1965ರಲ್ಲಿ ಲಲಿತಕಲೆಗಳ ಕಾಲೇಜನ್ನು ತೆರೆಯಿತು. ಗುರುವಿನ ಮುಂದೆ ಕುಳಿತು ಕಲಿಯುವ ವಿದ್ಯೆಗೆ ಚರಿತ್ರೆಯ ಪ್ರಶ್ನೆಗಳು ಹೀಗೆ ಜೊತೆಗೂಡಿದವು. ಆ ಪ್ರಶ್ನೆಗಳು ಎಂಥವೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಕೊಯಮತ್ತೂರು, ತಿರುಪ್ಪೂರುಗಳ ಸೀಮೆಯಲ್ಲಿಯೇ ಮೂರು ಬಗೆಯ ಸಾಕ್ಷಿಗಳುಂಟು.

ಮೊದಲನೆಯದು ದೇವಾಲಯದ ಪರಂಪರೆ. ತಿರುಪ್ಪೂರು ಜಿಲ್ಲೆಯ ಅವಿನಾಶಿ ಕ್ಷೇತ್ರದ ಮೇಲೆ ಸುಂದರಮೂರ್ತಿಗಳು ಹಾಡಿದ ತೇವಾರದ ಪದಿಕವೊಂದಿದೆ. ಹರಿಹರ ಕವಿಯ ರಗಳೆಯನ್ನು ಓದಿದ ಕನ್ನಡಿಗರಿಗೆ ಈ ಶರಣರು ನಂಬಿಯಣ್ಣನೆಂದೇ ಪರಿಚಿತರು. ಅವರು ಎಂಟನೆಯ ಶತಮಾನದವರೆಂದು ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಅವಿನಾಶಿಯ ಪದಿಕಕ್ಕೆ ಗ್ರಂಥಗಳಲ್ಲಿ ಕುರಿಂಜಿ ಎಂಬ ಪಣ್ ಹೇಳಿದೆ. ಪಣ್ ಎಂದರೆ ತಮಿಳರ ಹಳೆಯ ರಾಗಕ್ರಮ. ಕರ್ಣಾಟಕ ಸಂಗೀತದಲ್ಲಿಯೂ ಕುರಂಜಿ ಎಂಬ ರಾಗವುಂಟು. ಹೆಸರಿನ ಹೋಲಿಕೆಯನ್ನು ನೆಚ್ಚಿ ಆ ಪದಿಕವನ್ನು ಈ ರಾಗದಲ್ಲಿ ಹಾಡಿದರೆ ಸರಿಯಾದೀತೆ? ದೇವಾಲಯಗಳಲ್ಲಿ ತೇವಾರವನ್ನು ಹಾಡುವ ಓದುವಾರರು ಕುರಿಂಜಿ ಪಣ್ಣನ್ನು ಹಾಡುವುದು ಹರಿಕಾಂಭೋಜಿಯಲ್ಲಿ. ಹರಿಕಾಂಭೋಜಿಯದು ಕೈಶಿಕಿ ನಿಷಾದ, ಕುರಂಜಿಯದು ಕಾಕಲಿ ನಿಷಾದ. ಹೆಸರು ಸಾಗಿಬಂದ ದಾರಿ ಒಂದು, ಸ್ವರ ಸಾಗಿಬಂದ ದಾರಿ ಮತ್ತೊಂದು. ಓದುವಾರರ ಪರಂಪರೆಯೂ ಸುಂದರರ ಕಾಲದಿಂದ ಕದಲದೆ ಉಳಿದಿದೆಯೆಂದು ಹೇಳಲಾಗದು. ಆದುದರಿಂದಲೇ 1943ರಲ್ಲಿ ಮದರಾಸಿನಲ್ಲಿ ಹುಟ್ಟಿದ ತಮಿಳ್ ಇಸೈ ಸಂಗಮು 1949ರಿಂದ ಪಣ್‌ಗಳ ಸಂಶೋಧನೆಗಾಗಿ ವಿದ್ವಾಂಸರ ಸಭೆಗಳನ್ನು ನಡೆಸತೊಡಗಿತು. ಹಾಡುವವರನ್ನೂ ಗ್ರಂಥ ಬಲ್ಲವರನ್ನೂ ಒಂದೆಡೆ ಕೂಡಿಸಿದುದು ಆ ಸಭೆಗಳ ಹಿರಿಮೆ.

ಎರಡನೆಯ ಸಾಕ್ಷಿ ಯಂತ್ರದ್ದು. ಕೊಯಮತ್ತೂರು ತಾಯಿ ಎಂಬ ಹೆಸರಿನಿಂದ ಖ್ಯಾತರಾದ ಗಾಯಕಿ ಪಳನಿಕುಂಜರಂ (1872–1917) ದೇವದಾಸಿಯರ ಮನೆತನದಲ್ಲಿ ಹುಟ್ಟಿದವರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅವರ ಹಾಡುಗಳು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿತವಾದವು. ಸತ್ತವರ ದನಿಯೇ ಕೇಳುವಾಗ ಇನ್ನಾವ ಸಾಕ್ಷಿ ಬೇಕೆಂದು ತೋರಬಹುದು. ಆದರೆ ತಟ್ಟೆಯನ್ನೂ ಪ್ರಶ್ನಿಸಿಯೇ ನಂಬಬೇಕು. ಅದರ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು; ಅಷ್ಟರೊಳಗೆ ಮುಗಿಸಲು ಗಾಯಕರು ಆಲಾಪನೆಯನ್ನು ಮೊಟಕುಗೊಳಿಸಬೇಕಾಗಿತ್ತು. ಅಂದು ಧ್ವನಿವರ್ಧಕವಿರಲಿಲ್ಲ, ತುತ್ತೂರಿಯಂಥ ಕೊಳವೆಯ ಬಾಯಿಗೆ ಗಟ್ಟಿಯಾಗಿ ಹಾಡಬೇಕಾಗಿತ್ತು. ಇನ್ನು ಸುತ್ತುವ ವೇಗ. ಆ ಕಾಲದ ತಟ್ಟೆಗಳೆಲ್ಲವೂ ಒಂದೇ ವೇಗದವಲ್ಲ. ನಿಮಿಷಕ್ಕೆ 72 ಸುತ್ತಿನಂತೆ ಮುದ್ರಿಸಿದುದನ್ನು 78 ಸುತ್ತಿನಂತೆ ತಿರುಗಿಸಿದರೆ ಕಂಪನಸಂಖ್ಯೆ ಹನ್ನೆರಡರಲ್ಲೊಂದು ಪಾಲು ಏರುತ್ತದೆ. ಶ್ರುತಿ ಒಂದು ಸ್ವರಸ್ಥಾನಕ್ಕೂ ಮಿಗಿಲಾಗಿ ಮೇಲೇರಿ, ನಡೆಯೂ ಅಷ್ಟೇ ಚುರುಕಾಗುತ್ತದೆ. ಇದನ್ನರಿಯದ ವಿದ್ಯಾರ್ಥಿಯು ಯಂತ್ರದ ಅವಸರವನ್ನೇ ಗಾಯಕಿಯ ಶೈಲಿಯೆಂದು ಅನುಕರಿಸಿಯಾನು.

ಈ ದನಿಯನ್ನು ಮೆಚ್ಚಿದವರಲ್ಲಿ ಫ್ರಾನ್ಸಿನ ಸಂಗೀತರಚನಕಾರ ಮೋರಿಸ್ ದಲಾಜ್ (1879–1961) ಒಬ್ಬರು. ತಾಯಿಯವರು ಹಾಡಿದ ತಿರುವರುಟ್ಪಾದ ತಟ್ಟೆಯೊಂದನ್ನು ಆಧರಿಸಿ ಅವರು ‘ರಾಗಮಾಲಿಕಾ’ ಎಂಬ ಕೃತಿಯನ್ನು ರಚಿಸಿದರು. ಮದ್ದಳೆಯಂಥ ಮಂದದನಿ ಬರಲೆಂದು ಪಿಯಾನೋವಿನ ತಂತಿಯೊಂದಕ್ಕೆ ರಟ್ಟಿನ ತುಂಡನ್ನು ಸಿಕ್ಕಿಸುವಂತೆ ಸೂಚಿಸಿದರು. ಪ್ಯಾರಿಸಿನವರು ಇಷ್ಟು ಸೂಕ್ಷ್ಮವಾಗಿ ಆಲಿಸಿದ ಆ ಗಾಯಕಿಯ ಸಮುದಾಯಕ್ಕೆ ನಮ್ಮಲ್ಲಿ ಒದಗಿದ ಗತಿ ಬೇರೆ. ಹೆಣ್ಣುಮಕ್ಕಳನ್ನು ದೇವಾಲಯಗಳಿಗೆ ಒಪ್ಪಿಸುವುದನ್ನು ಮದರಾಸು ಪ್ರಾಂತದ 1947ರ ಕಾನೂನು ತಡೆಯಿತು. ಅದು ಅಗತ್ಯವಾಗಿದ್ದ ಸುಧಾರಣೆಯೇ ಸರಿ. ಆದರೆ ಪದ, ಜಾವಳಿಗಳು ಸಭಾಮಂದಿರಗಳಲ್ಲಿ ಗೌರವ ಪಡೆದ ಹೊತ್ತಿನಲ್ಲಿಯೇ ಅವನ್ನು ಕಾಪಾಡಿ ಕೊಟ್ಟ ಮನೆತನಗಳಲ್ಲಿ ಹಲವು ಮರೆಗೆ ಸರಿದವು. ಹಾಡಿನ ಚರಿತ್ರೆಯನ್ನು ಓದುವವರು ಹಾಡಿದವರ ಚರಿತ್ರೆಯನ್ನು ಬಿಟ್ಟು ಓದುವುದು ನ್ಯಾಯವಲ್ಲ.

ಮೂರನೆಯ ಸಾಕ್ಷಿ ನಮ್ಮ ಕನ್ನಡದ್ದು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಮಲೆಯ ಮಹದೇಶ್ವರನ ಬೆಟ್ಟವಿರುವುದು ಆ ಸೀಮೆಯಲ್ಲಿಯೇ. ಮಾದಪ್ಪನ ಒಕ್ಕಲಾಗಿ ದೀಕ್ಷೆ ಪಡೆದ ದೇವರ ಗುಡ್ಡರು ಕಂಸಾಳೆಯ ತಾಳದೊಡನೆ ಅವನ ಕಥೆಯನ್ನು ಇರುಳೆಲ್ಲ ಹಾಡುತ್ತಾರೆ. ಮುಂದಾಳು ಎತ್ತಿಕೊಟ್ಟ ಸೊಲ್ಲನ್ನು ಹಿಮ್ಮೇಳದವರು ಹಿಡಿಯುತ್ತಾರೆ. ಈ ಕಾವ್ಯದ ಪಾಠಗಳನ್ನು ವಿದ್ವಾಂಸರು ಸಂಗ್ರಹಿಸಿ ಅಚ್ಚುಹಾಕಿಸಿರುವುದು ಸ್ತುತ್ಯವಾದ ಕಾರ್ಯ. ಆದರೂ ಅಚ್ಚಿನ ಪುಟದಲ್ಲಿ ತಾಳವಿಲ್ಲ, ಹಿಮ್ಮೇಳದ ಉಸಿರಿಲ್ಲ, ಹರಕೆ ಹೊತ್ತು ಕುಳಿತ ಕೇಳುಗರಿಲ್ಲ. ಕಾಲೇಜಿನ ರಂಗದ ಮೇಲೆ ಹತ್ತು ನಿಮಿಷ ಕಂಸಾಳೆ ಬೀಸುವ ವಿದ್ಯಾರ್ಥಿಗೆ ಕೈಚಳಕ ಬಂದಿರಬಹುದು. ಅದು ಯಾರ ವ್ರತ, ಯಾವ ಹೊತ್ತಿನ ಹಾಡು ಎಂಬುದು ತಿಳಿಯದಿದ್ದರೆ ಅವನು ಕಲಿತುದು ಅರ್ಧ ಮಾತ್ರ.

ಈ ಮೂರನ್ನೂ ಕೂಡಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮೂಲದ ಹಾಡು ಇದೇ ಎಂದು ಘೋಷಿಸುವುದು ಈ ವಿದ್ಯೆಯ ಗುರಿಯಲ್ಲ. ಯಾವ ಸಾಕ್ಷಿಯನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ತೂಗಿ, ಗ್ರಂಥದಿಂದ ಬಂದುದು ಇಷ್ಟು, ಕಿವಿಯಿಂದ ಬಂದುದು ಇಷ್ಟು, ನಮ್ಮ ಊಹೆ ಇಷ್ಟು ಎಂದು ಪ್ರಾಮಾಣಿಕವಾಗಿ ಹೇಳಿ ಹಾಡುವುದೇ ಅದರ ಗುರಿ.

ಈ ಕೆಲಸ ವಿಶ್ವವಿದ್ಯಾಲಯದಲ್ಲಿಯೇ ಮೊದಲಾಗಬೇಕೆಂದಿಲ್ಲ. ಕೊಯಮತ್ತೂರು, ತಿರುಪ್ಪೂರುಗಳಲ್ಲಿ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರ ಕುಟುಂಬಗಳಿವೆ. ಅವರ ಮಕ್ಕಳಲ್ಲಿ ಹೆಚ್ಚಿನವರು ಓದುವುದು ತಮಿಳನ್ನು. ಇಂಥ ಮನೆಗಳಲ್ಲಿ ಹಾಡುಗಳಿರುವುದು ಹಿರಿಯರ ನೆನಪಿನಲ್ಲಿಯೇ ಹೊರತು ಪುಸ್ತಕದಲ್ಲಲ್ಲ. ಉಪಾಧ್ಯಾಯರು ತಮ್ಮ ಶಿಷ್ಯರಿಗೆ ಒಂದು ಸಣ್ಣ ಕೆಲಸ ಹೇಳಬಹುದು. ಅಜ್ಜಿಯೋ ಸೋದರತ್ತೆಯೋ ಹಾಡುವ ಹಾಡನ್ನು ಧ್ವನಿಮುದ್ರಿಸಿಕೊಂಡು, ಅದನ್ನು ಯಾರಿಂದ ಕಲಿತರು, ಯಾವ ಕಾರ್ಯದಲ್ಲಿ ಹಾಡುತ್ತಿದ್ದರು, ಜೊತೆಗೆ ಯಾರು ದನಿಗೂಡಿಸುತ್ತಿದ್ದರು ಎಂಬುದನ್ನು ದಿನಾಂಕದೊಡನೆ ಬರೆದಿಡಲಿ. ತಪ್ಪೆಂದು ತೋರಿದ ಮಾತನ್ನೂ ಸ್ವರವನ್ನೂ ತಿದ್ದದೆ ಇದ್ದಂತೆಯೇ ಇಡಲಿ. ನಾಳೆ ಸಂಗೀತ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗೆ ಇಂದಿನ ಈ ಟಿಪ್ಪಣಿಯೇ ಮೂಲ ಆಧಾರವಾದೀತು.