ಲೂಯಿಸ್ ಹೈನನ ಛಾಯಾಚಿತ್ರಗಳು: ಚರಿತ್ರೆಯ ಸಾಕ್ಷ್ಯವಾಗಿ

ಛಾಯಾಚಿತ್ರವು ಚರಿತ್ರಕಾರನಿಗೆ ಎಷ್ಟರಮಟ್ಟಿಗೆ ಆಧಾರವಾಗಬಲ್ಲುದೆಂಬ ಪ್ರಶ್ನೆಗೆ ಅಮೆರಿಕದ ಲೂಯಿಸ್ ಹೈನನ (1874–1940) ಕೆಲಸವು ಒಳ್ಳೆಯ ನಿದರ್ಶನ. 1900ರ ಜನಗಣತಿಯಂತೆ ಆ ದೇಶದಲ್ಲಿ 10ರಿಂದ 15 ವರ್ಷ ವಯಸ್ಸಿನ ಸುಮಾರು 17.5 ಲಕ್ಷ ಮಕ್ಕಳು ದುಡಿಮೆಯಲ್ಲಿದ್ದರು. ಹೆಚ್ಚಿನವರು ಹೊಲಗಳಲ್ಲಿ, ಉಳಿದವರು ಗಿರಣಿ, ಗಣಿ, ಗಾಜಿನ ಕಾರ್ಖಾನೆಗಳಲ್ಲಿ. ಆದರೆ ಅಂಕಿಗೆ ಮುಖವಿರುವುದಿಲ್ಲ. 1904ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಯು, ನ್ಯೂಯಾರ್ಕಿನಲ್ಲಿ ಉಪಾಧ್ಯಾಯನಾಗಿದ್ದ ಹೈನನನ್ನು 1908ರಲ್ಲಿ ಈ ಮಕ್ಕಳ ಚಿತ್ರಗಳನ್ನು ತೆಗೆಯಲು ನೇಮಿಸಿತು.

ಗಿರಣಿಯ ಮಾಲೀಕರು ಇಂಥವನಿಗೆ ಬಾಗಿಲು ತೆರೆಯುವರೆ? ಬೈಬಲ್ ಮಾರುವವನೆಂದೋ, ಯಂತ್ರಗಳ ಚಿತ್ರ ತೆಗೆಯುವವನೆಂದೋ ಹೇಳಿಕೊಂಡು ಆತನು ಒಳಹೊಕ್ಕನು. ತನ್ನ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆಯೆಂದು ಮೊದಲೇ ಅಳೆದಿಟ್ಟುಕೊಂಡು, ಎದುರು ನಿಂತ ಮಗುವಿನ ಎತ್ತರವನ್ನು ಅವುಗಳಿಂದ ಗುರುತಿಸುತ್ತಿದ್ದನು. ಜೇಬಿನೊಳಗೆ ಕೈಯಿಟ್ಟು ಗುಟ್ಟಾಗಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದನು. 1908ರಲ್ಲಿ ಉತ್ತರ ಕ್ಯಾರೊಲಿನದ ವಿಟ್ನೆಲ್ ಗಿರಣಿಯಲ್ಲಿ ತೆಗೆದ ನೂಲುವ ಬಾಲಿಕೆಯ ಚಿತ್ರಕ್ಕೆ ಆತನು ಬರೆದ ಟಿಪ್ಪಣಿಯನ್ನು ನೋಡಬಹುದು: ಎತ್ತರ 51 ಅಂಗುಲ, ಗಿರಣಿ ಸೇರಿ ಒಂದು ವರ್ಷ, ಕೆಲವೊಮ್ಮೆ ರಾತ್ರಿಪಾಳಿ, ದಿನಗೂಲಿ 48 ಸೆಂಟು. ವಯಸ್ಸೆಷ್ಟೆಂದು ಕೇಳಿದಾಗ ನೆನಪಿಲ್ಲವೆಂದಳು. ಬಳಿಕ, ಕೆಲಸಕ್ಕೆ ಸೇರುವ ವಯಸ್ಸು ತನಗಾಗಿಲ್ಲವೆಂದೂ, ಆದರೂ ಮಾಡುತ್ತಿರುವೆನೆಂದೂ ಗುಟ್ಟಾಗಿ ತಿಳಿಸಿದಳು.

ಹೈನನು ತಟಸ್ಥ ವೀಕ್ಷಕನಲ್ಲ. ಮಕ್ಕಳನ್ನು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆದುದೂ ಉಂಟು, ಯಂತ್ರದ ಎತ್ತರದೆದುರು ಮಗು ಎಷ್ಟು ಚಿಕ್ಕದೆಂದು ಕಾಣಲೆಂದು. ಚಿತ್ರ ಸುಳ್ಳಾಡದಿದ್ದರೂ ಸುಳ್ಳುಗಾರರು ಚಿತ್ರ ತೆಗೆಯಬಲ್ಲರೆಂದು 1909ರಲ್ಲಿ ತಾನೇ ಎಚ್ಚರಿಸಿದ್ದನು. ಆದುದರಿಂದಲೇ ಆತನ ಟಿಪ್ಪಣಿಗಳಿಗೆ ಅಷ್ಟು ಬೆಲೆ. ಸ್ಥಳ, ದಿನಾಂಕ, ಅಳತೆಗಳನ್ನು ಕೊಟ್ಟವನು ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡಂತೆಯೇ ಸರಿ. ಟಿಪ್ಪಣಿಯಿಂದ ಬೇರ್ಪಡಿಸಿ ಮುದ್ರಿಸಿದ ಹೈನನ ಚಿತ್ರವು ಮನವನ್ನು ಕರಗಿಸೀತು, ಸಾಕ್ಷ್ಯವಾಗಲಾರದು.

ಚಿತ್ರಗಳೇ ಶಾಸನವನ್ನು ತಂದುವೆಂಬ ಮಾತು ಅತಿಶಯೋಕ್ತಿ. 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ದುಡಿಸಿದ ಕಾರ್ಖಾನೆಗಳ ಸರಕು ರಾಜ್ಯದ ಗಡಿ ದಾಟದಂತೆ 1916ರ ಕಾಯಿದೆ ತಡೆಯಿತು. 1918ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರಿಗೆ ನಾಲ್ವರ ಬಹುಮತದಿಂದ ಅದನ್ನು ರದ್ದುಗೊಳಿಸಿತು. ದಾವೆ ಹೂಡಿದವನು ಉತ್ತರ ಕ್ಯಾರೊಲಿನದ ಗಿರಣಿಯೊಂದರಲ್ಲಿ ದುಡಿಯುತ್ತಿದ್ದ ಇಬ್ಬರು ಬಾಲಕರ ತಂದೆ. ಅವನ ಬೆನ್ನಿಗೆ ಗಿರಣಿ ಮಾಲೀಕರಿದ್ದರು. ಮಕ್ಕಳ ಕೂಲಿಯಿಲ್ಲದೆ ಒಲೆ ಉರಿಯದ ಮನೆಯನ್ನು ಹೈನನ ಕ್ಯಾಮರಾ ಸಾಕಷ್ಟು ಒಳಹೊಕ್ಕು ನೋಡಲಿಲ್ಲವೆಂದು ನನಗೆ ತೋರುತ್ತದೆ. ರಾಷ್ಟ್ರವ್ಯಾಪಿ ನಿಷೇಧ ಊರ್ಜಿತವಾಗಿ ನಿಂತುದು 1938ರ ಕಾಯಿದೆಯಿಂದ. ನ್ಯಾಯಾಲಯವು ಅದನ್ನು 1941ರಲ್ಲಿ ಎತ್ತಿಹಿಡಿಯಿತು. ಅದಕ್ಕೆ ಹಿಂದಿನ ವರ್ಷ ಹೈನನು ಬಡತನದಲ್ಲಿ ತೀರಿಕೊಂಡಿದ್ದನು. ಸಮಿತಿಗಾಗಿ ಆತನು ತೆಗೆದ 5,000ಕ್ಕೂ ಮಿಕ್ಕ ಚಿತ್ರಗಳು ಟಿಪ್ಪಣಿಗಳೊಡನೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಲ್ಲಿಯ ಹೆಸರುಗಳನ್ನು ಜನಗಣತಿಯ ಪತ್ರಗಳೊಡನೆ ತಾಳೆನೋಡಿ, ಕೆಲವು ಮಕ್ಕಳ ನಿಜವಾದ ವಯಸ್ಸನ್ನು ಸಂಶೋಧಕರು ಇತ್ತೀಚೆಗೆ ಗೊತ್ತುಪಡಿಸಿದ್ದಾರೆ.